ಗೋಡೆ ಬದಿಗೆ ನಿಂತ ಸ್ವರ

ಅಶ್ವಿತ್‌ನ ಫೋನು ಬಂದಾಗ ಡೆರಿಲ್ ರೆಬೆಲ್ಲೊ ತನ್ನ ಸ್ಟುಡಿಯೋದ ಕಿಟಕಿಯ ಬಳಿ ನಿಂತು ಚಹಾ ಕುಡಿಯುತ್ತಿದ್ದ. ಸೋಮವಾರ ಬೆಳಿಗ್ಗೆ ಹತ್ತೂವರೆ ಗಂಟೆ. ಕದ್ರಿ ಪಾರ್ಕಿನ ಕಡೆಯಿಂದ ಶಾಲೆಯ ಮಕ್ಕಳ ಒಂದು ಸಾಲು ಇಳಿದು ಬರುತ್ತಿತ್ತು. ಅಶ್ವಿತ್ ತುಳು ಸಿನಿಮಾ ಮಾಡುವವನು. ಅವನ ಹೊಸ ಚಿತ್ರದ ಮದುವೆ ಹಾಡನ್ನು ಹಿಂದಿನ ದಿನವಷ್ಟೇ ಡೆರಿಲ್ ಮುಗಿಸಿ ಕಳಿಸಿದ್ದ.

"ಡೆರಿಲಣ್ಣ, ಫೈಲ್ ತಪ್ಪಿ ಬೇರೆಯದ್ದು ಬಂದಿದೆಯಾ ಅಂತ," ಎಂದ ಅಶ್ವಿತ್.

"ಯಾವುದು, ಮದುವೆ ಹಾಡಾ? ಅದೇ ಫೈಲ್. ಯಾಕೆ?"

"ಎಂತ ಗೊತ್ತುಂಟಾ, ಹಾಡಿದ ತೃಷಾಳ ಸ್ವರ ಪೂರಾ ಬಲಬದಿಯ ಸ್ಪೀಕರಿಗೆ ಬಿದ್ದಿದೆ. ಎಡಿಟರ್ ಹೇಳಿದ, ನಾನು ನಂಬಲಿಲ್ಲ. ಕಾರಲ್ಲಿ ಹಾಕಿ ಕೇಳಿದೆ, ಮನೆಯಲ್ಲೂ ಕೇಳಿದೆ. ಹೌದು ಅಣ್ಣ. ಮತ್ತೆ ಸ್ವಲ್ಪ ಚುಚ್ತದೆ ಸಹ."

"ಎಡಿಟರಿಗೆ ಅವನ ಸ್ಪೀಕರ್ ನೋಡ್ಲಿಕ್ಕೆ ಹೇಳು."

"ಬೇಜಾರು ಮಾಡ್ಬೇಡಿ ಅಣ್ಣ. ಅರ್ಶದ್ ಒಮ್ಮೆ ನೋಡಿದ್ರೆ ಸಾಕಿತ್ತು. ಅವರು ಯಾವಾಗ ಬರ್ತಾರೆ?"

ಅರ್ಶದ್ ಸ್ಟುಡಿಯೋದ ಸೌಂಡ್ ಇಂಜಿನಿಯರ್. ಎಂಟು ವರ್ಷದಿಂದ ಡೆರಿಲ್‌ನ ಜೊತೆ ಇದ್ದವನು. ತಾಯಿಯನ್ನು ಕರೆದುಕೊಂಡು ಉಮ್ರಾ ಯಾತ್ರೆಗೆ ಹೋಗಿದ್ದ, ಬರಲು ಇನ್ನೂ ಐದು ದಿನವಿತ್ತು. ಹಾಗಾಗಿ ಈ ಒಂದು ಹಾಡನ್ನು ಡೆರಿಲ್ ತಾನೇ ಕೂತು ಮುಗಿಸಿ ತನ್ನ ಕೈಯಿಂದಲೇ ಕಳಿಸಿದ್ದ. "ಹಾಡು ಮಾಡಿದ್ದು ನಾನು, ಅಶ್ವಿತ್. ಅರ್ಶದ್ ಅಲ್ಲ," ಎಂದು ಹೇಳಿ ಫೋನಿಟ್ಟ.

ಹೇಳಿದ್ದೇನೋ ಹೇಳಿದ, ಆದರೆ ಚಹಾವನ್ನು ಅರ್ಧಕ್ಕೇ ಬಿಟ್ಟ. ಕುರ್ಚಿಯಲ್ಲಿ ಕೂತು ಹಾಡನ್ನು ಮೊದಲಿಂದ ಹಾಕಿದ. ಸ್ಪೀಕರಿನಲ್ಲಿ ಕೇಳಿದ, ಹೆಡ್‌ಫೋನಿನಲ್ಲಿ ಕೇಳಿದ. ತೃಷಾ ನಟ್ಟನಡುವೆ ನಿಂತು ಹಾಡುತ್ತಿದ್ದಳು. ಎಲ್ಲಿಯೂ ಏನೂ ತಪ್ಪಿರಲಿಲ್ಲ.

ತನ್ನ ಕಿವಿಯ ಬಗ್ಗೆ ಯಾರಾದರೂ ಹೀಗೆ ಮಾತಾಡಬಹುದು ಎಂದು ಡೆರಿಲ್ ಕನಸಿನಲ್ಲಿಯೂ ಎಣಿಸಿದವನಲ್ಲ. ಅವನ ಬದುಕೆಲ್ಲ ನಡೆದದ್ದೇ ಆ ಕಿವಿಯ ಮೇಲೆ. ಪಡೀಲಿನಲ್ಲಿ ಅವನ ತಂದೆ ಆಂಬ್ರೋಸ್ ಗುಮಟದ ಮೇಳ ಕಟ್ಟಿಕೊಂಡಿದ್ದರು. ಗುಮಟ ಎಂದರೆ ಎರಡು ಬಾಯಿಯ ಮಣ್ಣಿನ ಗಡಿಗೆ. ಒಂದು ಬಾಯಿಗೆ ಚರ್ಮ ಬಿಗಿದು, ತೋಳಿನಲ್ಲಿ ಅವುಚಿ ಹಿಡಿದು ಬಾರಿಸುವುದು. ಒಂಬತ್ತನೇ ವಯಸ್ಸಿಗೆ ಡೆರಿಲ್ ಆ ಮೇಳದಲ್ಲಿ ಕೂತಿದ್ದ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಮನೆಗಳಲ್ಲಿ ಅವನು ಬಾರಿಸದ ಚಪ್ಪರವಿರಲಿಲ್ಲ. ಹಾಡು ಹೇಳುತ್ತಿದ್ದದ್ದು ಅವನ ತಾಯಿಯ ಅಕ್ಕ, ಅಪೊಲೋನಿಯಾ ಮಾವ್ಶಿ. ಸಾಲು ಸಾಲಾಗಿ ಹೇಳುವ ಮದುವೆಯ ವೊವಿಯೊ ಹಾಡುಗಳು ಆಕೆಗೆ ಇನ್ನೂರಕ್ಕೂ ಹೆಚ್ಚು ಬಾಯಿಪಾಠವಿದ್ದವು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ರೋಸ್ ಮನೆಗೆ ಹೋಗಿದ್ದ. ಮದುಮಗಳ ಅಪ್ಪ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಮಾವ್ಶಿ ಹೇಳುತ್ತಾ ಹೇಳುತ್ತಾ ಅಪ್ಪ ಬಂದು ಮಗಳ ತಲೆಗೆ ಹಾಲು ಹಚ್ಚುವ ಸಾಲಿಗೆ ಬಂದು ನಿಂತುಬಿಟ್ಟಳು. ಚಪ್ಪರದಲ್ಲಿ ಯಾರಿಗೂ ಬಾಯಿ ತೆರೆಯಲಾಗಲಿಲ್ಲ. ಡೆರಿಲ್ ಗುಮಟ ಬಾರಿಸುವುದನ್ನು ನಿಲ್ಲಿಸದೆ ನಾಲ್ಕು ಸಾಲು ಕಟ್ಟಿ ತಾನೇ ಹೇಳಿದ: ಅಪ್ಪ ನೆಟ್ಟ ತೆಂಗಿನ ಮರ ಕಾಯಿ ಕೊಟ್ಟಿದೆ, ಆ ಕಾಯಿಯ ಹಾಲೇ ಇವತ್ತು ಮಗಳ ತಲೆ ಮುಟ್ಟುತ್ತಿದೆ. ಮದುಮಗಳು ಅತ್ತಳು, ಆದರೆ ತಲೆಯೆತ್ತಿ ಕೂತಳು. ಮುಂದಿನ ವಾರ ಇನ್ನೊಂದು ಮನೆಯವರು ಆ ಹಾಡೇ ಬೇಕು ಎಂದರು. ಅವನು ಹಾಡು ಬರೆಯುವವನಾದದ್ದು ಹಾಗೆ.

ಪ್ರೊಡ್ಯೂಸರ್ ಆದದ್ದು ಸಿಟ್ಟಿನಿಂದ. ಅವನ ಮೊದಲ ಸಿ.ಡಿ. ಮಾಡಿಕೊಟ್ಟವರು ಗುಮಟವನ್ನು ಕೀಬೋರ್ಡಿನ ಅಡಿಯಲ್ಲಿ ಮುಚ್ಚಿಹಾಕಿದ್ದರು. ಅದನ್ನು ಕೇಳಿದ ದಿನವೇ ಈ ಕೆಲಸವನ್ನೂ ತಾನೇ ಕಲಿಯುತ್ತೇನೆಂದು ಹೊರಟ. ಈಗ ನಲವತ್ತೇಳು. ಕದ್ರಿಯಲ್ಲಿ ಎರಡನೇ ಮಹಡಿಯ ಸ್ಟುಡಿಯೋ, ಕೊಂಕಣಿ, ತುಳು, ಕನ್ನಡದ ನೂರಾರು ಹಾಡು, ನಾಲ್ಕು ಸಿನಿಮಾ. ಸ್ವರ, ವಾದ್ಯಗಳನ್ನು ಬೆರೆಸಿ ಮಿಕ್ಸ್ ಮಾಡುವಾಗ ಸದ್ದಿನ ಮಟ್ಟ ತೋರಿಸುತ್ತಾ ಪರದೆಯ ಮೇಲೆ ಕುಣಿಯುವ ಹಸಿರು ಕೆಂಪು ಗೆರೆಗಳಿಗೆ ಅವನು ಕರವಸ್ತ್ರ ಅಡ್ಡ ಹಾಕುತ್ತಿದ್ದ. ಕಣ್ಣಿನಿಂದ ಹಾಡು ಕೇಳುವವನು ತಾನಲ್ಲ ಎಂದು ಬಂದವರೆದುರು ಹೇಳಿ ನಗುತ್ತಿದ್ದ. ಇನ್ನೊಂದು ಅಭ್ಯಾಸವೂ ಇತ್ತು. ಮುಗಿಸಿ ಕಳಿಸಿದ ಹಾಡನ್ನು ಅವನು ಮತ್ತೆ ಹಾಕಿ ಕೇಳುತ್ತಿರಲಿಲ್ಲ. ಯಾರದೋ ಫೋನಿನಲ್ಲಿಯೋ ಬಸ್ಸಿನಲ್ಲಿಯೋ ಕಿವಿಗೆ ಬಿದ್ದರೆ ಬಿತ್ತು, ಅಷ್ಟೆ.

ಆ ಸೋಮವಾರ ಮಾತ್ರ ಆ ಅಭ್ಯಾಸ ಮುರಿಯಬೇಕಾಯಿತು. ಅಶ್ವಿತ್‌ನ ಹಿಂದಿನ ಸಿನಿಮಾದ ಹಾಡೊಂದನ್ನು ತೆಗೆದು, ನೋಡು, ಆಗಲೂ ಹೀಗೇ ಮಾಡಿದ್ದೆ, ಆಗ ಹೊಗಳಿದ್ದೆಯಲ್ಲ ಎಂದು ಕಳಿಸಬೇಕೆಂದು ಅವನು ಅರ್ಶದ್‌ನ ಕಂಪ್ಯೂಟರ್ ತೆರೆದ. ಹಾಡುಗಳನ್ನು ಮೇಲ್ ಮಾಡುವುದು, ಜೋಪಾನ ಮಾಡುವುದು ಎಲ್ಲ ಅರ್ಶದ್‌ನ ಕೆಲಸ. ಹುಡುಕಿದ ಹಾಡು ಸಿಕ್ಕಿತು. ಆದರೆ ಒಂದಲ್ಲ, ಎರಡು ಸಿಕ್ಕಿದವು. ಒಂದರ ಹೆಸರು 'ಡೆರಿಲಣ್ಣ'. ಇನ್ನೊಂದರ ಹೆಸರು 'ಕಳಿಸಿದ್ದು'.

ಅವನಿಗೆ ಅರ್ಥವಾಗಲಿಲ್ಲ. ಇನ್ನೊಂದು ಹಾಡಿನ ಫೋಲ್ಡರ್ ತೆರೆದ. ಅಲ್ಲಿಯೂ ಎರಡು. ಮತ್ತೊಂದರಲ್ಲಿಯೂ ಎರಡು. ತೆರೆಯುತ್ತಾ, ಎಣಿಸುತ್ತಾ ಹೋದ. ಮೂವತ್ತೊಂದು ಹಾಡು. ತಾರೀಕು ನೋಡಿದರೆ ಎರಡು ವರ್ಷದ ಹಿಂದಿನ ಫೆಬ್ರವರಿಯಿಂದ. ಅದರ ಹಿಂದಿನ ಹಾಡುಗಳಿಗೆಲ್ಲ ಒಂದೊಂದೇ ಫೈಲು. ಫೆಬ್ರವರಿಯ ಮೊದಲನೇ ಜೋಡಿ ಅಪೊಲೋನಿಯಾ ಮಾವ್ಶಿಯ ಹಾಡು.

ಅದು ಅವನ ಕೆಲಸಗಳಲ್ಲೆಲ್ಲ ಅವನಿಗೆ ಹೆಚ್ಚು ಪ್ರೀತಿಯದು. ಮಾವ್ಶಿ ಸಾಯುವ ಮುಂಚೆ ಪಡೀಲಿನ ಮನೆಯ ಜಗಲಿಯಲ್ಲಿ ಕೂತು ಹೇಳಿದ ಸ್ವರ ಅದು. ಅದರ ಸುತ್ತ ಡೆರಿಲ್ ಬರೀ ಎರಡು ಗುಮಟ ಮತ್ತು ಒಂದು ಪಿಟೀಲು ಇಟ್ಟಿದ್ದ. ಮುದುಕಿ ನಮ್ಮ ಮನೆಯ ಚಾವಡಿಯಲ್ಲೇ ಕೂತು ಹೇಳಿದ ಹಾಗಿದೆ ಎಂದು ಕುವೈಟಿನಿಂದ, ದೋಹಾದಿಂದ ಜನ ಬರೆದಿದ್ದರು.

ಅವನು 'ಕಳಿಸಿದ್ದು' ಹಾಕಿದ. ಹೆಡ್‌ಫೋನಿನಲ್ಲಿ ಮಾವ್ಶಿಯ ಸ್ವರ ಬಂದದ್ದೇ ತಡ, ಡೆರಿಲ್ ಬೆಚ್ಚಿ ಬಿದ್ದ. ಸ್ವರ ಎಡಬದಿಗೆ ಜಾರಿ ಹೋಗಿತ್ತು. ಹರಿತವೂ ಇರಲಿಲ್ಲ, ಕಂಬಳಿ ಹೊದಿಸಿದ ಹಾಗೆ ಮಂಕಾಗಿತ್ತು. 'ಡೆರಿಲಣ್ಣ' ಹಾಕಿದ. ಅದರಲ್ಲಿ ಮಾವ್ಶಿ ನಡುವೆ, ಸ್ಪಷ್ಟವಾಗಿ ಇದ್ದಳು.

ಎರಡು ವರ್ಷದಿಂದ ಅರ್ಶದ್ ತನ್ನ ಹಾಡುಗಳನ್ನು ಕೆಡಿಸಿ ಕಳಿಸುತ್ತಿದ್ದಾನೆ. ಬೇರೆ ಏನು ಎಣಿಸಲಿಕ್ಕೂ ಆ ಹೊತ್ತಿಗೆ ಡೆರಿಲ್‌ನಿಂದ ಆಗಲಿಲ್ಲ. ತಮ್ಮನ ಹಾಗೆ ಇಟ್ಟುಕೊಂಡವನು. ಊಟದ ಡಬ್ಬಿ ಹಂಚಿಕೊಂಡವನು. ಕೇಳಿ ಹೇಳಲು ಯಾರಾದರೂ ಒಬ್ಬರು ಬೇಕು, ಈಗಲೇ ಬೇಕು ಎಂದು ಮೆಟ್ಟಿಲಿಳಿದು ಕೆಳಗಿನ ಟೈಲರ್ ಅಂಗಡಿಗೆ ಹೋದ.

ಟೈಲರ್ ಚೆನ್ನಪ್ಪನವರಿಗೆ ಅರವತ್ತು ದಾಟಿತ್ತು. ರವಕೆಯೊಂದಕ್ಕೆ ತೋಳು ಕೂರಿಸುತ್ತಿದ್ದರು.

"ಚೆನ್ನಪ್ಪಣ್ಣ, ಒಮ್ಮೆ ಮೇಲೆ ಬನ್ನಿ. ಎರಡು ಹಾಡು ಕೇಳಿ ಹೇಳ್ಬೇಕು."

"ನನಗೆಂತ ಗೊತ್ತುಂಟು ಮಾರಾಯ ನಿಮ್ಮ ಸಂಗೀತ?"

"ಗೊತ್ತಿಲ್ಲದವರೇ ಬೇಕು."

ಮೇಲೆ ಕೂರಿಸಿ ಹೆಡ್‌ಫೋನ್ ತೊಡಿಸಿದ. ಯಾವುದು ಯಾರದೆಂದು ಹೇಳಲಿಲ್ಲ. ಮೊದಲು ತನ್ನದನ್ನು ಹಾಕಿದ. ಚೆನ್ನಪ್ಪನವರು ಕಣ್ಣು ಮುಚ್ಚಿ ಕೇಳಿದರು. ಬಳಿಕ ಅರ್ಶದ್‌ನದನ್ನು ಹಾಕಿದ. ಅದು ಅರ್ಧ ಆಗುವಾಗ ಚೆನ್ನಪ್ಪನವರ ಮುಖ ಸಡಿಲವಾದದ್ದನ್ನು ಡೆರಿಲ್ ಕಂಡ.

"ಇದು ಲಾಯ್ಕ ಉಂಟು. ಇದರಲ್ಲಿ ಅಜ್ಜಿ ಎದುರಿಗೆ ಕೂತಿದ್ದಾರೆ," ಎಂದರು ಅವರು.

"ಮೊದಲಿನದ್ದರಲ್ಲಿ?"

"ಅದರಲ್ಲಿ ಗೋಡೆ ಬದಿಗೆ ನಿಂತು ಹೇಳಿದ ಹಾಗೆ. ಈ ಬದಿಯಲ್ಲಿ." ಅವರು ಬಲಗಿವಿ ಮುಟ್ಟಿ ತೋರಿಸಿದರು. "ಮತ್ತೆ ಸಕಾರ ಬರುವಾಗ ಸೂಜಿ ತಾಗಿದ ಹಾಗೆ ಆಗ್ತದೆ."

"ಹೆಡ್‌ಫೋನ್ ಉಲ್ಟಾ ಹಾಕಿದ್ದೀರಿ ಕಾಣ್ತದೆ."

ಉಲ್ಟಾ ಹಾಕಿರಲಿಲ್ಲ. ಡೆರಿಲ್ ತಾನೇ ಕೈಯಾರೆ ತಿರುಗಿಸಿ ತೊಡಿಸಿ ತನ್ನ ಹಾಡನ್ನು ಮತ್ತೆ ಹಾಕಿದ. "ಈಗ ಈಚೆ ಗೋಡೆಗೆ ಬಂದ್ರು," ಎಂದು ಚೆನ್ನಪ್ಪನವರು ಎಡಗಿವಿ ಮುಟ್ಟಿದರು.

ಡೆರಿಲ್ ಹೆಡ್‌ಫೋನನ್ನು ಅವರ ತಲೆಯಿಂದ ತೆಗೆದು ತಾನು ಹಾಕಿಕೊಂಡ. ಅರ್ಶದ್‌ನ ಹಾಡು. ಮಾವ್ಶಿ ಎಡಕ್ಕೆ. ತಿರುಗಿಸಿ ಹಾಕಿಕೊಂಡ. ಬಲಕ್ಕೆ ಬರಬೇಕಿತ್ತು. ಬರಲಿಲ್ಲ, ಮಾವ್ಶಿ ಎಡಕ್ಕೇ ಇದ್ದಳು. ಇನ್ನೊಮ್ಮೆ ತಿರುಗಿಸಿದ. ಎಡಕ್ಕೇ. ಕಪಾಟಿನಲ್ಲಿ ಮೂರು ಹಳೆಯ ಹೆಡ್‌ಫೋನುಗಳಿದ್ದವು, ಬಲಬದಿ ಹಾಳಾಗಿದೆ ಎಂದು ಎರಡು ವರ್ಷದಲ್ಲಿ ಒಂದಾದ ಮೇಲೊಂದು ಅವನೇ ತೆಗೆದಿಟ್ಟವು. ಮೂರನ್ನೂ ತಂದು ಒಂದೊಂದಾಗಿ ಚೆನ್ನಪ್ಪನವರಿಗೆ ಕೊಟ್ಟ.

"ಎರಡೂ ಬದಿ ಸಮ ಕೇಳ್ತದೆ," ಎಂದರು ಅವರು ಮೊದಲನೆಯದಕ್ಕೆ. ಎರಡನೆಯದಕ್ಕೂ ಹಾಗೇ ಹೇಳಿದರು. ಮೂರನೆಯದನ್ನು ತಲೆಗೆ ಹಾಕುವ ಮುಂಚೆ ಡೆರಿಲ್‌ನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಎಂತ ಆಯ್ತು ಡೆರಿಲ್? ನೀರು ಬೇಕಾ?"

ಡೆರಿಲ್ ಬೇಡವೆಂದು ತಲೆಯಾಡಿಸಿದ. ಮಾತಾಡಿದರೆ ತನ್ನ ಸ್ವರ ಎಲ್ಲಿಂದ ಕೇಳೀತು ಎಂದು ಅವನಿಗೆ ಭಯವಾಯಿತು.

ಅವನ ಹೆಂಡತಿ ಸಿಂಥಿಯಾ ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ಡ್ಯೂಟಿ ಮುಗಿಯುವುದು ಎರಡು ಗಂಟೆಗೆ. ಒಂದೂವರೆಗೇ ಹೋಗಿ ಡೆರಿಲ್ ಗೇಟಿನ ಬಳಿ ಸ್ಕೂಟರಿಗೆ ಒರಗಿ ನಿಂತ. ಮಾರ್ಕೆಟಿನ ಬದಿಯಿಂದ ಬಸ್ಸುಗಳು ಹಾರ್ನ್ ಹೊಡೆಯುತ್ತಾ ಬರುತ್ತಿದ್ದವು. ಅವನು ಎಡಗಿವಿಯನ್ನು ಅಂಗೈಯಲ್ಲಿ ಒತ್ತಿ ಮುಚ್ಚಿದ. ಬಸ್ಸುಗಳು ಹಾಗೇ ಓಡಾಡಿದವು, ಆದರೆ ಊರಿಗೆ ಊರೇ ನೀರಿನಡಿಗೆ ಹೋದ ಹಾಗಾಯಿತು. ಪಕ್ಕದ ಹಣ್ಣಿನ ಗಾಡಿಯವಳು ಬಾಯಿ ಆಡಿಸುತ್ತಿದ್ದಳು. ಅವಳ ಒಂದು ಮಾತೂ ತಲುಪಲಿಲ್ಲ. ಕೈ ತೆಗೆದರೆ ಕೇಳಿತು. ಮುಚ್ಚಿದರೆ ಇಲ್ಲ. ಹಾಗೆ ಎಷ್ಟು ಸಲ ಮಾಡಿದನೋ.

ಸಿಂಥಿಯಾ ಗೇಟಿನಿಂದ ಹೊರಗೆ ಬಂದವಳು ಗಂಡನನ್ನು ಕಂಡು ನಿಂತಳು. ಕಿವಿಯ ಮೇಲಿದ್ದ ಅವನ ಕೈಯನ್ನು ನೋಡಿದಳು.

"ನಿನಗೆ ಗೊತ್ತಿತ್ತಾ?" ಎಂದು ಡೆರಿಲ್ ಕೇಳಿದ.

ಏನು ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. "ಯಾರು ಹೇಳಿದ್ದು? ಅರ್ಶದ್ ಫೋನ್ ಮಾಡಿದನಾ?" ಎಂದಳು.

ಬೆಳಗಿನಿಂದ ಆದದ್ದೆಲ್ಲಕ್ಕಿಂತ ಈ ಮಾತು ಅವನನ್ನು ಹೆಚ್ಚು ಅಲ್ಲಾಡಿಸಿತು. ಅವನು ಸ್ಕೂಟರಿನ ಸೀಟಿನ ಮೇಲೆ ಕೂತುಬಿಟ್ಟ. ಅವಳು ಹತ್ತಿರ ಬಂದು ಎಡಬದಿಯಲ್ಲಿ ನಿಂತಳು. ಅವಳು ಯಾವಾಗಲೂ ಎಡಬದಿಯಲ್ಲೇ ನಿಲ್ಲುತ್ತಾಳೆ, ಇಗರ್ಜಿಯಲ್ಲಿಯೂ ಊಟದ ಮೇಜಿನಲ್ಲಿಯೂ. ಮುಂಚೆ ಹಾಗಿರಲಿಲ್ಲ.

"ಎಷ್ಟು ಸಮಯ ಆಯ್ತು?"

"ಮಾವ್ಶಿ ತೀರಿ ಹತ್ತನೇ ದಿನಕ್ಕೆ ಅರ್ಶದ್ ನನ್ನ ವಾರ್ಡಿಗೆ ಬಂದ. ಅಕ್ಕ, ಅಣ್ಣನಿಗೆ ಬಲಗಿವಿ ಕಮ್ಮಿ ಕೇಳ್ತದೆ ಕಾಣ್ತದೆ ಅಂತ ಹೇಳಿದ. ನನಗೆ ಮನೆಯಲ್ಲೇ ಸಂಶಯ ಇತ್ತು. ಆಗ ನೀನು ಆ ಹಾಡು ಹಿಡ್ಕೊಂಡು ಕೂತಿದ್ದೆ. ಊಟ ಸಹ ಮಾಡ್ತಿರಲಿಲ್ಲ. ಈಗ ಹೇಳಿದ್ರೆ ಅರ್ಧದಲ್ಲಿ ಬಿಡ್ತಾನೆ, ಅದು ಮುಗೀಲಿ ಅಂತ ನಾನೇ ಹೇಳಿದೆ."

"ಅದು ಮುಗಿದು ಎರಡು ವರ್ಷ ಆಯ್ತು ಸಿಂಥಿಯಾ."

"ಹೌದು."

"ನೀನು ನರ್ಸ್."

"ಹೌದು. ಮೂರು ಸಲ ಹೇಳಿದ್ದೇನೆ ನಿನಗೆ, ಕಿವಿ ಒಮ್ಮೆ ತೋರಿಸುವ ಅಂತ. ಪಕ್ಕದ ಬೀದಿಯಲ್ಲಿ ಗುಮಟ ಬಾರಿಸಿದ್ರೆ ಚರ್ಮ ಹಸಿ ಉಂಟಾ ಒಣಗಿದೆಯಾ ಅಂತ ಹೇಳುವ ಕಿವಿ ಇದು ಅಂತ ಹೇಳಿ ನೀನು ನಗಾಡಿದೆ. ಮತ್ತೆ ನನಗೆ ಹೇಳ್ಲಿಕ್ಕೆ ಹೆದರಿಕೆ ಆಯ್ತು. ಇವತ್ತು ಹೇಳುವ, ಕ್ರಿಸ್ಮಸ್ ಆಗ್ಲಿ, ಈ ಸಿನಿಮಾ ಆಗ್ಲಿ ಅಂತ ದಿನ ಹೋಯ್ತು." ಅವಳು ಕೈಚೀಲದ ಹಿಡಿಯನ್ನು ತಿರುಚುತ್ತಾ ನಿಂತಳು. "ಅರ್ಶದ್‌ನನ್ನು ಬೈಬೇಡ. ಎಳ್ಕೊಂಡು ಹೋಗಿ ತೋರಿಸ್ಬೇಕಿತ್ತು ನಾನು. ಅದು ನನ್ನ ತಪ್ಪು."

ಅವನು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಳ್ಳದೆ ಒಬ್ಬನೇ ಹೋದ. ಹದಿನೆಂಟು ವರ್ಷದ ಸಂಸಾರದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಅವಳು ಬಡಿಸಿದಳು, ಅವನು ಉಂಡ. ಬುಧವಾರ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ, "ಕಿವಿ ತೋರಿಸ್ಲಿಕ್ಕೆ ಎಷ್ಟು ಗಂಟೆಗೆ ಬರ್ಬೇಕು?" ಎಂದು ಕೇಳಿದ. ಹನ್ನೊಂದಕ್ಕೆ ಎಂದಳು.

ಕಿವಿ ಪರೀಕ್ಷೆ ಮಾಡುವ ಹುಡುಗಿಯ ಹೆಸರು ಆಂಡ್ರಿಯಾ. ಅವಳು ಅವನನ್ನು ಒಂದು ಸಣ್ಣ ಕೋಣೆಯೊಳಗೆ ಕೂರಿಸಿದಳು. ಗೋಡೆಗೆಲ್ಲ ಮೆತ್ತೆ, ಎದುರಿಗೆ ಗಾಜು, ಗಾಜಿನಾಚೆ ಅವಳು ಮತ್ತು ಅವಳ ಯಂತ್ರ. ಡೆರಿಲ್‌ಗೆ ಈ ಕೋಣೆ ಹೊಸದಲ್ಲ. ಇಂಥದೇ ಕೋಣೆಯೊಳಗೆ ಅವನು ನೂರಾರು ಜನರನ್ನು ಕೂರಿಸಿದ್ದ, ಹೆದರಬೇಡಿ ಎಂದು ಗಾಜಿನಾಚೆಯಿಂದ ಕೈಯಲ್ಲಿ ಸನ್ನೆ ಮಾಡಿದ್ದ. ಈಗ ಆಂಡ್ರಿಯಾ ಅವನಿಗೆ ಸನ್ನೆ ಮಾಡಿದಳು. ಸದ್ದು ಕೇಳಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು, ಎಷ್ಟು ಸಣ್ಣ ಸದ್ದಾದರೂ.

ಮೊದಲು ಎಡಗಿವಿಗೆ ಸದ್ದು ಬಿಟ್ಟಳು. ದಪ್ಪ ಸದ್ದಿನಿಂದ ಸಣ್ಣ ಸದ್ದಿನವರೆಗೆ ಒಂದೊಂದೇ ಬಂದವು, ಒತ್ತುತ್ತಾ ಹೋದ. ಕೊನೆಕೊನೆಯವು ಬಹಳ ದೂರದಿಂದ ಬಂದ ಹಾಗಿದ್ದವು. ಆಮೇಲೆ ಬಲಗಿವಿಯಲ್ಲಿ ಗುಂಯ್ ಎನ್ನುವ ಮೂರ್ನಾಲ್ಕು ದಪ್ಪ ಸದ್ದು ಬಂದವು. ಆಮೇಲೆ ನಿಶ್ಶಬ್ದ. ಯಂತ್ರ ಬದಲಿಸುತ್ತಿದ್ದಾಳೆ ಎಂದುಕೊಂಡು ಅವನು ಗುಂಡಿಯ ಮೇಲೆ ಬೆರಳಿಟ್ಟು ಕಾದ. ಗಾಜಿನಾಚೆ ಅವಳು ತಲೆ ಬಗ್ಗಿಸಿ ಕಾಗದದ ಮೇಲೆ ಏನೋ ಗುರುತು ಹಾಕುತ್ತಿದ್ದಳು. ಕಾದ. ಅವಳು ಎದ್ದು ಬಂದು ಬಾಗಿಲು ತೆರೆದಳು.

"ಬಲಗಿವಿಯ ಬಾಕಿ ಸದ್ದು ಯಾವಾಗ?" ಎಂದು ಡೆರಿಲ್ ಕೇಳಿದ.

ಆಂಡ್ರಿಯಾ ಹಿಂದೆ ನಿಂತಿದ್ದ ಸಿಂಥಿಯಾಳನ್ನು ಒಮ್ಮೆ ನೋಡಿ, "ಅದು ಆಯ್ತು ಸರ್," ಎಂದಳು.

ಡೆರಿಲ್ ಕುರ್ಚಿಯಿಂದ ಏಳಲಿಲ್ಲ. ಕೈಯಲ್ಲಿದ್ದ ಗುಂಡಿಯನ್ನು ಸುಮ್ಮನೆ ಒತ್ತಿದ, ಬಿಟ್ಟ. ಇಷ್ಟು ಹೊತ್ತು ಆ ಕೋಣೆಯಲ್ಲಿ ಸದ್ದಿತ್ತು. ತನ್ನ ಕಿವಿಯೊಳಗೇ ಇತ್ತು. ತಾನು ಅದರ ನಡುವೆ ಕೂತು ಸದ್ದಿಗಾಗಿ ಕಾಯುತ್ತಿದ್ದೆ ಎನ್ನುವುದು ಅವನ ತಲೆಗೆ ಹೋಗಲು ಬಹಳ ಹೊತ್ತು ಬೇಕಾಯಿತು. ಸಿಂಥಿಯಾ ಬಂದು ಅವನ ಕೈಯಿಂದ ಗುಂಡಿಯನ್ನು ಬಿಡಿಸಿ ತೆಗೆದುಕೊಂಡಳು.

ಡಾಕ್ಟರು ಹೆಚ್ಚು ಸುತ್ತು ಬಳಸಿ ಹೇಳಲಿಲ್ಲ. ಬಲಗಿವಿಯ ನರ ದುರ್ಬಲವಾಗಿದೆ, ಎಡಗಿವಿಯಲ್ಲಿಯೂ ತೆಳು ಸದ್ದುಗಳು ಹೋಗಲು ಶುರುವಾಗಿದೆ. ಇಂಥದೇ ಕಾರಣ ಎಂದು ಹೇಳಲಾಗದು. ಚಿಕ್ಕಂದಿನಿಂದ ಕಿವಿಯ ಪಕ್ಕದಲ್ಲೇ ಗಟ್ಟಿ ಸದ್ದು ಇದ್ದದ್ದೂ ಇರಬಹುದು. ಆಪರೇಷನ್‌ನಿಂದ ಸರಿಹೋಗುವಂಥದ್ದಲ್ಲ. ಯಂತ್ರ ಹಾಕಿಕೊಂಡರೆ ಅನುಕೂಲವಾಗುತ್ತದೆ. ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ಡೆರಿಲ್ ಕೇಳಿದ. ಇದ್ದದ್ದನ್ನು ಕಾಪಾಡಲು ಸ್ವಲ್ಪ ಸಹಾಯವಾಗುತ್ತಿತ್ತೋ ಏನೋ, ಖಂಡಿತ ಹೇಳಲಾರೆ ಎಂದರು ಡಾಕ್ಟರು. ಸಿಂಥಿಯಾ ಮುಖ ಆಚೆ ತಿರುಗಿಸಿದಳು.

ಶನಿವಾರ ಅರ್ಶದ್ ಬಂದ. ಸ್ಟುಡಿಯೋದ ಬಾಗಿಲಲ್ಲಿ ಖರ್ಜೂರದ ಪೊಟ್ಟಣ ಮತ್ತು ಪವಿತ್ರ ಜಮ್‌ಜಮ್ ನೀರಿನ ಬಾಟಲಿ ಹಿಡಿದು ನಿಂತವನಿಗೆ, ತನ್ನ ಕಂಪ್ಯೂಟರಿನ ಪರದೆಯ ಮೇಲೆ ಆ ಮೂವತ್ತೊಂದು ಜೋಡಿ ಹೆಸರು ತೆರೆದಿರುವುದು ಕಂಡಿತು. ಅವನು ಪೊಟ್ಟಣವನ್ನು ನೆಲದ ಮೇಲಿಟ್ಟ. ಚಪ್ಪಲಿ ಬಿಚ್ಚಲು ಮರೆತು ಒಳಗೆ ಬಂದ.

"ಕೂತ್ಕೊ," ಎಂದ ಡೆರಿಲ್. "ಉಮ್ಮ ಹೇಗಿದ್ದಾರೆ?"

"ಆರಾಮ. ನಿಮಗೂ ಅಕ್ಕನಿಗೂ ಅಲ್ಲಿ ದುವಾ ಮಾಡಿದ್ದಾರೆ."

"ನನ್ನನ್ನು ಎರಡು ವರ್ಷ ಮಂಗ ಮಾಡಿದ್ದೀಯಲ್ಲ ಅರ್ಶದ್. ಬಂದವರ ಎದುರಿಗೆಲ್ಲ ನಾನು ನನ್ನ ಕಿವಿ ಹೊಗಳಿಕೊಂಡು ಕೂತಿರುವಾಗ ನೀನು ಇಲ್ಲೇ, ಈ ಕುರ್ಚಿಯಲ್ಲಿ ಕೂತು ಕೇಳ್ತಿದ್ದೆ. ನಗೆ ಬರ್ಲಿಲ್ಲವಾ?"

"ಇಲ್ಲ ಅಣ್ಣ."

"ಮತ್ತೆ ಎಂತ ಬಂತು?"

ಅರ್ಶದ್ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟ. ಅವನಿಗೆ ಮೂವತ್ತನಾಲ್ಕು. ಆದರೆ ಆವತ್ತು ಹತ್ತು ವರ್ಷ ಹೆಚ್ಚು ಕಾಣುತ್ತಿದ್ದ. "ಮಾವ್ಶಿಯ ಹಾಡಿನ ಕೆಲಸ ಒಂದು ದಿನ ಅರ್ಧಕ್ಕೆ ನಿಲ್ಲಿಸಿ ನೀವು ಮನೆಗೆ ಹೋದ ಮೇಲೆ ನಾನು ಒಬ್ಬನೇ ಕೇಳಿದೆ. ಸ್ವರ ಬಲಕ್ಕಿತ್ತು. ಬೇಕೆಂದೇ ಇಟ್ಟದ್ದೇನೋ ಅಂತ ಎಣಿಸಿದೆ. ಮರುದಿನ ನಿಮ್ಮನ್ನು ಕೇಳಿದೆ, ಅಣ್ಣ, ಮಾವ್ಶಿ ಎಲ್ಲಿರಬೇಕು ಅಂತ. ನಟ್ಟನಡುವೆ, ನಮ್ಮ ಮುಂದೆ ಕೂತ ಹಾಗೆ ಅಂತ ನೀವು ಹೇಳಿದ್ರಿ. ಹಾಗೆ, ಹಾಡು ಮುಗಿದ ಮೇಲೆ ನಡುವೆ ತಂದು ಇಟ್ಟೆ. ನಿಮ್ಮ ಹಾಡು ನಾನು ಬದಲಿಸ್ಲಿಲ್ಲ ಅಣ್ಣ. ನಿಮಗೆ ಹೇಗೆ ಕೇಳ್ತದೋ ಹಾಗೇ ಉಳಿದವರಿಗೂ ಕೇಳ್ಲಿ ಅಂತ ಮಾಡಿದ್ದು, ಅಷ್ಟೇ."

ಡೆರಿಲ್ ಐದು ದಿನದಿಂದ ಬೈಗುಳ ಜೋಡಿಸಿಟ್ಟುಕೊಂಡಿದ್ದ. ಒಂದೂ ನಾಲಿಗೆಗೆ ಬರಲಿಲ್ಲ. ಹಾಗೆಂದು ಸಿಟ್ಟು ಹೋಗಿತ್ತೆಂದಲ್ಲ. ಅದು ಎದೆಯಲ್ಲಿ ಹಾಗೇ ಇತ್ತು, ಯಾರ ಮೇಲೆಂದು ಮಾತ್ರ ತಿಳಿಯುತ್ತಿರಲಿಲ್ಲ.

"ಹೆಸರು ಯಾಕೆ ಹಾಕ್ಲಿಲ್ಲ?" ಎಂದು ಕೊನೆಗೆ ಕೇಳಿದ. "ಮೂವತ್ತೊಂದು ಹಾಡಲ್ಲಿ ಒಂದರಲ್ಲೂ ನಿನ್ನ ಹೆಸರಿಲ್ಲ."

"ಹಾಕಿದ್ರೆ ನಿಮಗೆ ಗೊತ್ತಾಗ್ತಿತ್ತು."

ಡೆರಿಲ್ ಫೋನ್ ತೆಗೆದು ಅಶ್ವಿತ್‌ಗೆ ಮಾಡಿದ. ಅರ್ಶದ್‌ಗೂ ಕೇಳಲೆಂದು ಸ್ಪೀಕರಿಗೆ ಹಾಕಿದ. "ಅಶ್ವಿತ್, ಮೊನ್ನೆ ನೀನು ಹೇಳಿದ್ದು ಸರಿ. ನನ್ನ ಬಲಗಿವಿ ಹೋಗಿದೆ. ಆ ಫೈಲ್ ನನ್ನದು, ತಪ್ಪಿ ಬಂದದ್ದಲ್ಲ. ಎರಡು ವರ್ಷದಿಂದ ನೀನು ನನ್ನದು ಅಂತ ಕೇಳಿದ್ದೆಲ್ಲ ಅರ್ಶದ್ ಮಾಡಿದ್ದು."

"ಅಣ್ಣ, ನನಗೆ ಎಂತ ಹೇಳ್ಬೇಕು ಅಂತಲೇ ಗೊತ್ತಾಗ್ತಾ ಇಲ್ಲ," ಎಂದ ಅಶ್ವಿತ್. "ಹಾಡು ಬರೆದದ್ದು ನೀವೇ ಅಲ್ವಾ?"

"ಬರೆದದ್ದು ನಾನೇ. ರಾಗವೂ ನನ್ನದೇ."

"ಹಾಗಾದ್ರೆ ಅರ್ಶದ್ ಅದನ್ನು ಸರಿ ಮಾಡಿ ಕಳಿಸ್ಲಿ. ಇಬ್ಬರ ಹೆಸರೂ ಹಾಕುವ."

ಎಲ್ಲರೂ ಅಶ್ವಿತ್‌ನ ಹಾಗಿರಲಿಲ್ಲ. ಮುಂದಿನ ಒಂದು ವಾರ ಡೆರಿಲ್ ಆ ಮೂವತ್ತೊಂದು ಹಾಡಿನವರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ಇದೇ ಮಾತು ಹೇಳಿದ. ಭಕ್ತಿಗೀತೆಯ ಆಲ್ಬಮ್ ಮಾಡಿಸುತ್ತಿದ್ದವರೊಬ್ಬರು ಸಮಾಧಾನದ ಮಾತು ಹೇಳಿ, ಮೂರೇ ದಿನದಲ್ಲಿ ಕೆಲಸವನ್ನು ಬೇರೆ ಕಡೆಗೆ ಒಯ್ದರು. ಕಿವಿ ಕೇಳದವನು ಸ್ಟುಡಿಯೋ ಇಟ್ಟಿದ್ದಾನೆ ಎಂದು ಯಾರೋ ವಾಟ್ಸಾಪಿನಲ್ಲಿ ತಮಾಷೆ ಬರೆದರು. ಅದು ಸುತ್ತಾಡಿ ಸಿಂಥಿಯಾಳ ಫೋನಿಗೂ ಬಂತು. ಕುವೈಟಿನಿಂದ ಒಬ್ಬ ಮುದುಕ ಫೋನ್ ಮಾಡಿ, ನಿನ್ನ ಮಾವ್ಶಿಯ ಹಾಡು ಹೇಳಿಕೊಂಡೇ ಮೊಮ್ಮಗಳ ರೋಸ್ ಮಾಡಿದ್ದೇವೆ, ಅದನ್ನು ಯಾರು ಯಾವ ಗುಂಡಿ ತಿರುಗಿಸಿ ಮಾಡಿದರೆ ನನಗೇನು ಎಂದು ಗದರಿದ.

ಅಶ್ವಿತ್‌ನ ಹಾಡನ್ನು ಅರ್ಶದ್ ಕೂತು ಸರಿಮಾಡಿದ. ನಡುವಿನ ದೊಡ್ಡ ಕುರ್ಚಿಯಲ್ಲಿ ಕೂರಲು ಅವನು ಒಪ್ಪಲಿಲ್ಲ. ಡೆರಿಲ್ ಭುಜ ಹಿಡಿದು ಕೂರಿಸಿದ. ಹಾಡಿನಲ್ಲಿ ಒಂದು ಕಡೆ ಹೊಸದಾಗಿ ಹಾಡಿಸಬೇಕೆಂದು ತೃಷಾಳನ್ನು ಕರೆಸಿದ್ದರು. ಅವಳು ಗಾಜಿನಾಚೆ ನಿಂತು ಹಾಡುವಾಗ ಡೆರಿಲ್ ಮೂಲೆಯ ಸ್ಟೂಲಿನಲ್ಲಿ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದ. ಎರಡನೇ ಸಾಲಿನಲ್ಲಿ ಕೈ ಎತ್ತಿದ.

"'ಬೊಳ್ಪು' ಅನ್ನುವಲ್ಲಿ ಳಕಾರ ನುಂಗ್ತಾ ಇದ್ದೀ ಮಗ. ಬೆಳಕು ಅಂತ ಅರ್ಥ ಅದಕ್ಕೆ. ನುಂಗಿದ್ರೆ ಕತ್ತಲೆ ಆಗ್ತದೆ."

ತೃಷಾ ನಕ್ಕು ಮತ್ತೆ ಹಾಡಿದಳು. ಅರ್ಶದ್ ತಿರುಗಿ ನೋಡಿದ. ಆ ತಪ್ಪು ಅವನಿಗೆ ಕೇಳಿಸಿರಲಿಲ್ಲ.

ಕಿವಿಯ ಯಂತ್ರ ಬರಲು ಮೂರು ವಾರ ಹಿಡಿಯಿತು. ಎರಡೂ ಕಿವಿಗೆ ಸಣ್ಣ ಸಣ್ಣ ಎರಡು. ಆಂಡ್ರಿಯಾ ಅವನ್ನು ಕೂರಿಸಿ, ಮೊದಲು ಎಲ್ಲ ಸದ್ದೂ ತಗಡು ಬಡಿದ ಹಾಗಿರುತ್ತದೆ, ಹೆದರಬೇಡಿ ಎಂದು ಹೇಳಿ ಚಾಲೂ ಮಾಡಿದಳು. ಡೆರಿಲ್ ಗಕ್ಕನೆ ಮೇಜು ಹಿಡಿದುಕೊಂಡ. ಫ್ಯಾನು ಇಷ್ಟು ಸದ್ದು ಮಾಡುತ್ತದೆಯೇ? ಅವಳು ಕಾಗದ ಮಗುಚಿದ್ದು ಬೆಂಕಿ ಹತ್ತಿದ ಹಾಗೆ ಕೇಳಿಸಿತು. ತನ್ನ ಅಂಗಿಯ ತೋಳು ಮೈಗೆ ಉಜ್ಜುವುದೂ ಕೇಳುತ್ತಿತ್ತು. ಹೊರಗೆ ವರಾಂಡದಲ್ಲಿ ಯಾರದೋ ಚಪ್ಪಲಿ, ಟ್ರಾಲಿಯ ಗಾಲಿ, ಒಂದು ಮಗುವಿನ ಬಿಕ್ಕಳಿಕೆ. ಇವೆಲ್ಲ ಇಷ್ಟು ವರ್ಷ ಎಲ್ಲಿದ್ದವು?

ಸಿಂಥಿಯಾ ಯೂನಿಫಾರ್ಮಿನಲ್ಲೇ ವಾರ್ಡಿನಿಂದ ಇಳಿದು ಬಂದಳು. ಈ ಸಲ ಅವನ ಬಲಬದಿಗೆ ಬಂದು ಬಗ್ಗಿ, "ಕೇಳ್ತದಾ?" ಎಂದಳು.

ಡೆರಿಲ್ ತಲೆಯೆತ್ತಿ ಅವಳನ್ನು ನೋಡಿದ. ಅದು ಅವನಿಗೆ ಗೊತ್ತಿದ್ದ ಸ್ವರವಲ್ಲ. ಅವನಿಗೆ ಗೊತ್ತಿದ್ದ ಸಿಂಥಿಯಾಳ ಸ್ವರ ನುಣುಪಾದದ್ದು, ಇಗರ್ಜಿಯ ಗಾಯನ ಮಂಡಳಿಯಲ್ಲಿ ಮೇಲಿನ ಸ್ಥಾಯಿ ಹಾಡುತ್ತಿದ್ದದ್ದು. ಈ ಸ್ವರದ ಅಂಚು ಒರಟಾಗಿತ್ತು. ಮಾತಿನ ಕೊನೆಯಲ್ಲಿ ಉಸಿರು ಹರಿದ ಹಾಗೆ ಆಗುತ್ತಿತ್ತು.

"ಇನ್ನೊಮ್ಮೆ ಹೇಳು."

"ಕೇಳ್ತದಾ ಅಂತ ಕೇಳಿದ್ದು."

"ಇದು ಯಂತ್ರದ್ದಾ, ನಿನ್ನದಾ?" ಅವನ ಕೈ ತನ್ನ ಗಂಟಲಿಗೆ ಹೋಯಿತು. "ನಿನ್ನ ಸ್ವರ ಹೀಗೆ ಆದದ್ದು ಯಾವಾಗ?"

"ನನ್ನದೇ. ಕೊರೋನಾ ಡ್ಯೂಟಿ ಮಾಡಿ ನಾನು ಜ್ವರದಲ್ಲಿ ಮಲಗಿದ್ದೆನಲ್ಲ, ಆವಾಗಿನಿಂದ. ಗಾಯನಕ್ಕೆ ಹೋಗುವುದು ಬಿಟ್ಟದ್ದು ಅದಕ್ಕೇ. ಡ್ಯೂಟಿ ಹೆಚ್ಚಾಯ್ತು ಅಂತ ನಿನಗೆ ಹೇಳಿದ್ದೆ."

ಒಂದೇ ಮನೆಯಲ್ಲಿ ತನ್ನ ಕಿವಿಯದ್ದನ್ನೂ ಅವಳ ಸ್ವರದ್ದನ್ನೂ ಅವಳೊಬ್ಬಳೇ ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬದುಕಿದಳಲ್ಲ ಎಂದು ಡೆರಿಲ್ ಬೆರಗಾಗಿ ಕೂತ. ಅವಳ ಸ್ವರ ಹೋದದ್ದು ಅವನಿಗೆ ತಿಳಿದಿರಲಿಲ್ಲ. ಅವನು ಹಾಡು ಮಾಡುವವನು. ಆಂಡ್ರಿಯಾ ಏನೋ ಹೊಂದಿಸಬೇಕೆಂದು ಯಂತ್ರಕ್ಕೆ ಕೈ ಹಾಕಲು ಬಂದಳು. ಅವನು ಬೇಡವೆಂದು ಕೈ ಅಡ್ಡ ಹಿಡಿದ.

"ಡ್ಯೂಟಿ ಎಷ್ಟು ಗಂಟೆಗೆ ಮುಗೀತದೆ?" ಎಂದು ಹೆಂಡತಿಯನ್ನು ಕೇಳಿದ.

"ಎರಡಕ್ಕೆ. ಯಾಕೆ?"

"ಕಾಯ್ತೇನೆ. ನೀನು ಮಾತಾಡ್ತಾ ಇರ್ಬೇಕು ದಾರಿಯುದ್ದ. ಎಂತಾದ್ರೂ ಮಾತಾಡು."

"ಸ್ಕೂಟರಲ್ಲಿ ಹಿಂದೆ ಕೂತು ಎಂತ ಮಾತಾಡುವುದು ಮಾರಾಯ?"

"ಸ್ಕೂಟರ್ ಇಲ್ಲೇ ಇರ್ಲಿ," ಎಂದ ಡೆರಿಲ್. "ನಡೆದು ಹೋಗುವ."